ಆಗುಂಬೆ ಘಾಟಿಯಲ್ಲಿ ನಿಂತ ವ್ಯಾನು, ನಾನು ಉಳಿಸಿದ 236 ರೂಪಾಯಿ

ಕಳೆದ ಮಾರ್ಚ್‌ನಲ್ಲಿ ನಮ್ಮ ವ್ಯಾನಿನ ವಿಮೆ ನವೀಕರಿಸಿದವಳು ನಾನು. ಮನೆಯಲ್ಲಿ ಕಾಮರ್ಸ್ ಓದುತ್ತಿರುವವಳು ನಾನೊಬ್ಬಳೇ. ಹಾಗಾಗಿ ಕರೆಂಟ್ ಬಿಲ್ಲು, ಗ್ಯಾಸ್ ಬುಕಿಂಗ್, ಅಬ್ಬಾ ಅವರ ಬಟ್ಟೆ ಅಂಗಡಿಯ ಜಿಎಸ್‌ಟಿ ಕಾಗದ ಎಲ್ಲವೂ ನನ್ನ ಪಾಲಿಗೇ ಬರುತ್ತವೆ. ಮೊಬೈಲ್ ಪರದೆಯಲ್ಲಿ ಪ್ರೀಮಿಯಂ ಲೆಕ್ಕದ ಕೆಳಗೆ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬ ಸಾಲಿತ್ತು. ಅದರ ಮುಂದೆ ಮೊದಲೇ ಟಿಕ್ ಬಿದ್ದಿತ್ತು. 200 ರೂಪಾಯಿ, ಅದರ ಮೇಲೆ ಶೇ 18ರಂತೆ ಜಿಎಸ್‌ಟಿ 36, ಒಟ್ಟು 236. ನಮ್ಮನ್ನು ಕೇಳದೆ ಹಾಕಿದ ಟಿಕ್ ಎಂದರೆ ನಮ್ಮ ಜೇಬಿಗೆ ಹಾಕಿದ ಕೈ ಎಂದುಕೊಂಡು ಅದನ್ನು ತೆಗೆದುಬಿಟ್ಟೆ. ಅಬ್ಬಾಗೆ ಹೇಳಿದಾಗ "ಶಾಬಾಶ್ ಬೇಟಾ" ಎಂದರು.

ಅಕ್ಟೋಬರ್ ರಜೆಯಲ್ಲಿ ಉಡುಪಿಯ ಖಾಲಾ ಮನೆಗೆ ಹೋಗಿ ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ಏಳು ಸೀಟಿನ ವ್ಯಾನಿನಲ್ಲಿ ಒಂಬತ್ತು ಜನ, ಜೊತೆಗೆ ಖಾಲಾ ಕಟ್ಟಿಕೊಟ್ಟ ತೆಂಗಿನಕಾಯಿ ಚೀಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದಿಂದ ಹತ್ತುತ್ತಾ ಅರ್ಧ ದಾರಿಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಕ್ಲಚ್ ಪ್ಲೇಟ್ ಹೋಗಿತ್ತು. ಸಂಜೆ ಆರೂವರೆ, ಮಂಜು, ಮೊಬೈಲಿನಲ್ಲಿ ಒಮ್ಮೆ ಒಂದು ಕಡ್ಡಿ ಸಿಗ್ನಲ್, ಒಮ್ಮೆ ಅದೂ ಇಲ್ಲ. ದಾದಿಗೆ ಸಕ್ಕರೆ ಕಾಯಿಲೆ. ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು, ತೆಗೆದುಕೊಂಡ ಮೇಲೆ ಊಟ ತಪ್ಪಬಾರದು. "ಕ್ಯಾ ಹುವಾ ರೇ?" ಎಂದು ದಾದಿ ಕೇಳುತ್ತಲೇ ಇದ್ದರು. ಅಬ್ಬಾ ಉತ್ತರ ಕೊಡಲಿಲ್ಲ.

ಅಷ್ಟು ಹೊತ್ತಿಗೆ ಬಂದ ಜೀಪಿನವರೊಬ್ಬರು ದಾದಿ, ಅಮ್ಮಿ ಮತ್ತು ಮಕ್ಕಳನ್ನು ಮೇಲೆ ಆಗುಂಬೆ ಊರಿಗೆ ಬಿಟ್ಟರು. ಅಲ್ಲಿನ ಹೋಟೆಲಿನವರು ಬಾಗಿಲು ಹಾಕುವ ಹೊತ್ತಾಗಿದ್ದರೂ ದಾದಿಗೆ ಅನ್ನ ಸಾರು ಬಡಿಸಿದರಂತೆ. ಟೋಯಿಂಗ್ ಗಾಡಿ ತೀರ್ಥಹಳ್ಳಿ ಕಡೆಯಿಂದ ಬಂದಾಗ ಒಂಬತ್ತೂವರೆ. ಶಿವಮೊಗ್ಗಕ್ಕೆ ತಲುಪಿಸಿದ್ದಕ್ಕೆ 7,500 ರೂಪಾಯಿ. ಕ್ಲಚ್ ಸೆಟ್ಟಿನ ಖರ್ಚು ಬೇರೆ.

ಆ ರಾತ್ರಿ ಯಾರೂ ನನ್ನನ್ನು ಬೈಯಲಿಲ್ಲ. ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಮರುದಿನ ನಾನೇ ಹೋಗಿ ಆ ಟಿಕ್‌ನ ವಿಷಯ ಹೇಳಿದೆ. ಅಬ್ಬಾ ಹೇಳಿದ್ದು ಇಷ್ಟೇ: "ಈಗ ಸರಿಯಾಗಿ ಓದಿ ಹೇಳು. ಟಿಕ್ ಇದ್ದಿದ್ದರೆ ಏನಾಗುತ್ತಿತ್ತು?"

ಅದನ್ನು ತಿಳಿಯಲು ಎರಡು ವಾರ ಬೇಕಾಯಿತು. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ನಮ್ಮ ತರಗತಿಯಲ್ಲೇ ಆರೇಳು ಜನರ ಮನೆಯಲ್ಲಿ ವ್ಯಾನ್ ಇದೆ, ಸ್ಟಾಫ್ ರೂಮಿನವರ ಕಾರುಗಳೂ ಇವೆ. ಇದರಲ್ಲಿ ಎಷ್ಟು ಜನ ತಮ್ಮ ಪಾಲಿಸಿಯ ಕೊನೆಯ ಪುಟ ಓದಿದ್ದಾರೆ?

ಮೊದಲು ಒಂದು ಗೊಂದಲ ಬಿಡಿಸಬೇಕು. ಗಾಡಿಯ ವಿಮೆ ಇದೆ ಎಂದ ಮಾತ್ರಕ್ಕೆ ರಸ್ತೆಯಲ್ಲಿ ಕೆಟ್ಟರೆ ಯಾರೋ ಬರುತ್ತಾರೆ ಎಂದಲ್ಲ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಕಡ್ಡಾಯವಾಗಿರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ. ನಮ್ಮ ಗಾಡಿಗೇ ಅಪಘಾತದಲ್ಲಿ ಆದ ಹಾನಿಗೆ ‘ಓನ್ ಡ್ಯಾಮೇಜ್’ ಭಾಗ ಬೇಕು. ಖಾಸಗಿ ಕಾರಿನ ಮಾದರಿ ಪಾಲಿಸಿಯಲ್ಲಿ ಅಪಘಾತವಾದ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಎಳೆಸಲು 1,500 ರೂಪಾಯಿಯವರೆಗೆ ಕೊಡುವ ಒಂದು ವಾಕ್ಯ ಇದೆ. ಆದರೆ ಅದು ಅಪಘಾತಕ್ಕೆ. ಕ್ಲಚ್ ಸುಟ್ಟರೆ, ಬ್ಯಾಟರಿ ಕುಳಿತರೆ, ಡೀಸೆಲ್ ಮುಗಿದರೆ ಅದು ಅಪಘಾತವಲ್ಲ. ಸವೆದು ಹಾಳಾದದ್ದಕ್ಕೆ ವಿಮೆ ಇಲ್ಲ. ಈ ಖಾಲಿ ಜಾಗ ತುಂಬುವುದೇ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ರಸ್ತೆಬದಿ ನೆರವು. ಅದೂ ರಿಪೇರಿ ಖರ್ಚು ಕೊಡುವುದಿಲ್ಲ. ಸ್ಥಳಕ್ಕೆ ಬಂದು ಆಗುವಷ್ಟು ಸರಿಮಾಡುತ್ತದೆ, ಆಗದಿದ್ದರೆ ಗ್ಯಾರೇಜಿಗೆ ಸಾಗಿಸುತ್ತದೆ. ಗ್ಯಾರೇಜಿನ ಬಾಗಿಲಲ್ಲಿ ಅದರ ಕೆಲಸ ಮುಗಿಯಿತು.

ಇದು ಸಿಗುವ ದಾರಿಗಳು ಮೂರು. ವಿಮೆಯ ಜೊತೆ ಆ್ಯಡ್-ಆನ್ ಆಗಿ ತೆಗೆದುಕೊಳ್ಳಬಹುದು. ಇದೇ ಅಗ್ಗ, ಆದರೆ ಸಾಮಾನ್ಯವಾಗಿ ಓನ್ ಡ್ಯಾಮೇಜ್ ಇದ್ದವರಿಗೆ ಮಾತ್ರ. ಥರ್ಡ್ ಪಾರ್ಟಿ ಒಂದೇ ಮಾಡಿಸಿದವರು ಟಿಕ್ ಹುಡುಕಿದರೂ ಸಿಗುವುದು ಕಷ್ಟ. ಗಾಡಿ ಹೊಸದಾಗಿದ್ದರೆ ತಯಾರಿಸಿದ ಕಂಪನಿಯೇ ವಾರಂಟಿಯ ಜೊತೆ ನೆರವು ಕೊಡುವುದುಂಟು, ಆಮೇಲೆ ದುಡ್ಡು ಕಟ್ಟಿ ಮುಂದುವರಿಸಬಹುದು. ನಮ್ಮಂಥ ಹಳೆಯ ಗಾಡಿಗೆ ವಯಸ್ಸಿನ ಮಿತಿ ಅಡ್ಡ ಬರುತ್ತದೆ. ಮೂರನೆಯದು, ನೆರವನ್ನೇ ವ್ಯಾಪಾರ ಮಾಡಿಕೊಂಡ ಸಂಸ್ಥೆಗಳ ವಾರ್ಷಿಕ ಸದಸ್ಯತ್ವ. ಇದು ವಿಮೆಯಲ್ಲ, ಸೇವೆಯ ಒಪ್ಪಂದ. (ನಮ್ಮ ದಾದಾಗೆ ವಿಮೆ ಎಂಬ ಮಾತೇ ಇರುಸುಮುರುಸು. ಅದು ಆಲಿಮರಿಗೆ ಕೇಳುವ ಪ್ರಶ್ನೆ, ನನ್ನ ಅಳತೆಯದಲ್ಲ. ಆದರೆ ಇದು ಸೇವೆಗೆ ಕೊಡುವ ಶುಲ್ಕ ಎಂದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.)

ಇನ್ನೊಂದು ನಂಬರ್ ಎಲ್ಲರ ಮೊಬೈಲಿನಲ್ಲೂ ಇರಲಿ: 1033. ಇದು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ. ಟೋಲ್ ಇರುವ ಹೆದ್ದಾರಿಗಳಲ್ಲಿ ಗಸ್ತು ಗಾಡಿ, ಆಂಬುಲೆನ್ಸ್, ಕ್ರೇನ್ ಇರುತ್ತವೆ. ಆದರೆ ಆ ಕ್ರೇನ್ ಇರುವುದು ರಸ್ತೆ ತೆರವು ಮಾಡಲು. ನಿಮ್ಮ ಗಾಡಿಯನ್ನು ಸುರಕ್ಷಿತ ಜಾಗಕ್ಕೆ ಸರಿಸುತ್ತದೆ, ನಿಮ್ಮ ಊರಿನ ಮೆಕ್ಯಾನಿಕ್ ಹತ್ತಿರ ತಂದು ಬಿಡುವುದಿಲ್ಲ. ರಾಷ್ಟ್ರೀಯ ಹೆದ್ದಾರಿ ಎಂದು ಹೆಸರಿರುವ ರಸ್ತೆಗಳೆಲ್ಲ ಟೋಲ್ ರಸ್ತೆಗಳೂ ಅಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಮೇಲೆ ಉಡುಪಿಗೆ ಹೋಗುವ ದಾರಿಯೂ ರಾಷ್ಟ್ರೀಯ ಹೆದ್ದಾರಿ 169ಎ. ನೋಡಿದರೆ ಹಾಗೆನ್ನಿಸುವುದಿಲ್ಲ.

ಈಗ ಅಬ್ಬಾ ಕೇಳಿದ ಪ್ರಶ್ನೆ. ನಾನು ತೆಗೆದುಹಾಕಿದ 236 ರೂಪಾಯಿಯ ಆ್ಯಡ್-ಆನ್‌ನ ನಿಯಮಪತ್ರ ತೆಗೆದು ಓದಿದೆ. ಟೋಯಿಂಗ್ 50 ಕಿ.ಮೀ.ವರೆಗೆ ಉಚಿತ, ಅದಕ್ಕಿಂತ ಹೆಚ್ಚಾದರೆ ಪ್ರತಿ ಕಿ.ಮೀ.ಗೆ 40 ರೂಪಾಯಿ. ನಾವು ನಿಂತ ಜಾಗದಿಂದ ಶಿವಮೊಗ್ಗ ಸುಮಾರು 95 ಕಿ.ಮೀ. 95ರಲ್ಲಿ 50 ಕಳೆದರೆ 45, ಅದಕ್ಕೆ 1,800 ರೂಪಾಯಿ. 7,500 ಎಲ್ಲಿ, 1,800 ಎಲ್ಲಿ! ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರನೇ ದಿನ ಅದೇ ಪುಟದ ಕೆಳಗಿನ ಸಣ್ಣ ಅಕ್ಷರ ಓದಿದೆ. 50 ಕಿ.ಮೀ. ಎಂದರೆ ‘ಹೋಗಿ ಬರುವ ಒಟ್ಟು ದೂರ’ ಎಂದಿತ್ತು. ಅಂದರೆ ಟೋಯಿಂಗ್ ಗಾಡಿ ತನ್ನ ಜಾಗದಿಂದ ಹೊರಟಾಗಲೇ ಮೀಟರ್ ಓಡಲು ಶುರು. ಅದು ಶಿವಮೊಗ್ಗದಿಂದ ಹೊರಟು ನಮ್ಮನ್ನು ಎತ್ತಿಕೊಂಡು ಮರಳಿದರೆ 190 ಕಿ.ಮೀ. ಅದರಲ್ಲಿ 50 ಉಚಿತ, ಉಳಿದ 140ಕ್ಕೆ 5,600 ರೂಪಾಯಿ. ಒಂದೇ ಯೋಜನೆ, ಒಂದೇ ರಾತ್ರಿ, ಒಂದೇ ಗಾಡಿ. ದೂರವನ್ನು ಎಲ್ಲಿಂದ ಎಣಿಸುತ್ತಾರೆ ಎಂಬುದರ ಮೇಲೆ 3,800 ರೂಪಾಯಿ ವ್ಯತ್ಯಾಸ. ನೀವು ಯಾವ ಯೋಜನೆ ನೋಡಿದರೂ ಮೊದಲು ಇದನ್ನೇ ಕೇಳಿ: ಕಿಲೋಮೀಟರ್ ನಾವು ನಿಂತ ಜಾಗದಿಂದ ಎಣಿಸುತ್ತೀರೋ, ನಿಮ್ಮ ಗಾಡಿ ಹೊರಟ ಜಾಗದಿಂದಲೋ? ಒಂದು ಕಡೆಯದೋ, ಎರಡೂ ಕಡೆಯದೋ? ಫೋನಿನಲ್ಲಿ ಹೇಳಿದ್ದನ್ನು ನಂಬದೆ ಆ ವಾಕ್ಯ ಎಲ್ಲಿದೆ ಎಂದು ಪುಟದ ಸಂಖ್ಯೆ ಕೇಳಿ.

ಎಲ್ಲಿಗೆ ಎಳೆದೊಯ್ಯುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಅದೇ ಪತ್ರದಲ್ಲಿ ‘ಹತ್ತಿರದ ಅಧಿಕೃತ ಗ್ಯಾರೇಜ್’ ಎಂದಿತ್ತು. ಹತ್ತಿರದ್ದು ಯಾವುದೆಂದು ನಿರ್ಧರಿಸುವವರು ಅವರು. ಘಾಟಿಯಲ್ಲಿ ನಿಂತವರಿಗೆ ಉಡುಪಿ ಸುಮಾರು 50 ಕಿ.ಮೀ., ಶಿವಮೊಗ್ಗ ಅದರ ಎರಡು ಪಟ್ಟು. ಹಾಗಾದರೆ ವ್ಯಾನು ಬೆಳಿಗ್ಗೆ ಹೊರಟ ಊರಿಗೇ ವಾಪಸ್. ನಾವು ಬಸ್ಸಿನಲ್ಲಿ ಮನೆಗೆ. ನಾಲ್ಕು ದಿನ ಬಿಟ್ಟು ಅಬ್ಬಾ ಅಂಗಡಿ ಮುಚ್ಚಿ ಗಾಡಿ ತರಲು ಮತ್ತೆ ಘಾಟಿ ಇಳಿಯಬೇಕು. ಈ ಖರ್ಚು ಯಾವ ಕೋಷ್ಟಕದಲ್ಲೂ ಬರುವುದಿಲ್ಲ.

ವ್ಯಾನಿಗೆ ಕಾರಿಗಿಲ್ಲದ ತೊಂದರೆಗಳೂ ಇವೆ. ನಮ್ಮ ಗಾಡಿಯಲ್ಲಿ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂದಿನ ಚಕ್ರ ಎತ್ತಿ ಕಟ್ಟಿ ಎಳೆದರೆ ಹಿಂದಿನ ಚಕ್ರದ ಜೊತೆ ಗೇರ್‌ಬಾಕ್ಸಿನ ಒಳಭಾಗವೂ ಉದ್ದಕ್ಕೂ ತಿರುಗುತ್ತಿರುತ್ತದೆ. ದೂರದ ದಾರಿಯಲ್ಲಿ ಅದು ಹಾಳಾಗಬಹುದು. ಹಾಗಾಗಿ ಪೂರ್ತಿ ಗಾಡಿಯನ್ನೇ ಮೇಲೆ ಹತ್ತಿಸಿಕೊಳ್ಳುವ ಫ್ಲ್ಯಾಟ್‌ಬೆಡ್ ಬೇಕು. ಇದನ್ನು ಹೇಳಿಕೊಟ್ಟವರು ನಮ್ಮ ಬೀದಿಯ ಮೆಕ್ಯಾನಿಕ್ ಚಾಚಾ, ಯಾವ ಕಂಪನಿಯ ಪುಸ್ತಕವೂ ಅಲ್ಲ. ಟೆಂಪೋ ಟ್ರಾವೆಲರ್‌ನಂಥ ದೊಡ್ಡ ಗಾಡಿ ಇರುವವರು ತೂಕ ಮತ್ತು ಎತ್ತರವನ್ನೂ ಮೊದಲೇ ಹೇಳಿ ಕೇಳಬೇಕು. ಕಾರು ಹೊರುವ ಫ್ಲ್ಯಾಟ್‌ಬೆಡ್ ಅದನ್ನು ಹೊರಲಾರದು. ‘ಎಲ್ಲ ವಾಹನಗಳಿಗೂ’ ಎಂದು ಜಾಹೀರಾತಿನಲ್ಲಿದ್ದರೂ ಬರುವುದು ಕಾರಿನ ಗಾಡಿಯಾದರೆ ಏನು ಉಪಯೋಗ?

ಜನರ ವಿಷಯವನ್ನಂತೂ ಯಾರೂ ಯೋಚಿಸುವುದಿಲ್ಲ. ಟೋಯಿಂಗ್ ಗಾಡಿಯ ಕ್ಯಾಬಿನ್ನಿನಲ್ಲಿ ಚಾಲಕರಲ್ಲದೆ ಇಬ್ಬರಿಗೆ ಜಾಗ. ಎಳೆದೊಯ್ಯುವ ವ್ಯಾನಿನೊಳಗೆ ಕೂರುವಂತಿಲ್ಲ, ಅಪಾಯ. ಉಳಿದವರು? ಕೆಲವು ಯೋಜನೆಗಳಲ್ಲಿ ಟ್ಯಾಕ್ಸಿ ವ್ಯವಸ್ಥೆ ಎಂದಿರುತ್ತದೆ. ‘ವ್ಯವಸ್ಥೆ’ ಮತ್ತು ‘ಉಚಿತ’ ಬೇರೆ ಬೇರೆ ಪದಗಳು. ವ್ಯವಸ್ಥೆ ಎಂದರೆ ಅವರು ಫೋನ್ ಮಾಡಿ ಕರೆಸುತ್ತಾರೆ, ಬಾಡಿಗೆ ನಮ್ಮದು. ಇಂಧನ ತಂದುಕೊಡುವ ಸಾಲಿನಲ್ಲೂ ಇದೇ ಆಟ. ತಂದುಕೊಡುವುದು ಉಚಿತ, ಇಂಧನದ ಬೆಲೆ ನಮ್ಮದು. ಪಂಕ್ಚರ್ ಎಂದರೆ ಸ್ಟೆಪ್ನಿ ಬದಲಿಸುವುದು. ಸ್ಟೆಪ್ನಿಯಲ್ಲೇ ಗಾಳಿ ಇಲ್ಲದಿದ್ದರೆ ಅವರೇನು ಮಾಡಲಾರರು.

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳು ಬರುತ್ತವಲ್ಲ, ಪರಮ ಸದ್ಭಾವನೆ ಎಂಬುದು ಅದರಲ್ಲಿ ಮೊದಲನೆಯದು. ನಾನು ಅದನ್ನು ನಾಲ್ಕು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ನಿಯಮಪತ್ರದ ‘ಯಾವಾಗ ನೆರವು ಸಿಗುವುದಿಲ್ಲ’ ಎಂಬ ಪುಟ ಓದುವಾಗ ಅದು ನಮ್ಮ ಮನೆಯೊಳಗೇ ಬಂದು ಕುಳಿತಂತಾಯಿತು. ನೋಂದಣಿಗಿಂತ ಹೆಚ್ಚು ಜನರನ್ನು ಕೂರಿಸಿದ್ದರೆ ಇಲ್ಲ. ನಾವು ಒಂಬತ್ತು ಜನ ಇದ್ದೆವು. ಬಿಳಿ ಬೋರ್ಡಿನ ಖಾಸಗಿ ಗಾಡಿಯನ್ನು ಬಾಡಿಗೆಗೆ ಓಡಿಸುತ್ತಿದ್ದರೆ ಇಲ್ಲ. ಮದುವೆ ಸೀಸನ್ನಿನಲ್ಲಿ ಪರಿಚಯದವರನ್ನು ಕರೆದೊಯ್ದು ‘ಡೀಸೆಲ್ ದುಡ್ಡು’ ಎಂದು ತೆಗೆದುಕೊಳ್ಳುವುದು ಬಾಡಿಗೆಯೋ ಅಲ್ಲವೋ ಎಂದು ಅಬ್ಬಾ ಅವರನ್ನು ಕೇಳಿದೆ. ಅವರು ಪೇಪರ್ ಓದುತ್ತಿದ್ದರು, ಓದುತ್ತಲೇ ಇದ್ದರು. ಬಾಡಿಗೆಗೇ ಓಡಿಸುವುದಾದರೆ ಹಳದಿ ಬೋರ್ಡ್, ಅದಕ್ಕೆ ತಕ್ಕ ವಿಮೆ, ಅದಕ್ಕೆ ತಕ್ಕ ನೆರವಿನ ಯೋಜನೆ ಬೇರೆ. ಒಟ್ಟಿನಲ್ಲಿ ನಾನು ಟಿಕ್ ತೆಗೆಯದಿದ್ದರೂ ಆ ರಾತ್ರಿ ತಲೆ ಎಣಿಸಿದ್ದರೆ ಅವರು ಇಲ್ಲ ಎನ್ನಬಹುದಿತ್ತು. ಇದರಿಂದ ನನ್ನ ತಪ್ಪು ಅರ್ಧವಾಯಿತು ಎಂದು ನನ್ನ ವಾದ. ಅಮ್ಮಿ ಒಪ್ಪಿಲ್ಲ.

ಈಗ ಇದೆಲ್ಲ ಏಕೆ ಬಿಸಿಯಾಗಿದೆ ಎಂದರೆ, ನನ್ನ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಇದೇ ವ್ಯಾನಿನಲ್ಲಿ ಹೊನ್ನಾವರಕ್ಕೆ ಇಳಿದು, ಕರಾವಳಿ ಹಿಡಿದು ಕನ್ಯಾಕುಮಾರಿಯವರೆಗೆ ಹೋಗುವ ಯೋಜನೆ ಇದೆ. ಲಾಡ್ಜ್ ಖರ್ಚು ಉಳಿಸಲು ಕೆಲವು ರಾತ್ರಿ ವ್ಯಾನಿನಲ್ಲೇ ಮಲಗುವುದು ಮಾಮು ಅವರ ಐಡಿಯಾ. ಹಿಂದಿನ ಸೀಟು ಕಿತ್ತು ಮಂಚ ಕೂರಿಸಿ, ಎರಡನೇ ಬ್ಯಾಟರಿ ಹಾಕಿ ಫ್ಯಾನು, ಮೂಲೆಯಲ್ಲಿ ಗ್ಯಾಸ್ ಒಲೆ ಎಂದು ಚಿತ್ರ ಬರೆದು ತೋರಿಸಿದರು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ರಚನೆ ಬದಲಿಸುವುದರ ಬಗ್ಗೆ ಇದೆ. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ಹೊಂದದಂತೆ ಬದಲಿಸುವ ಹಾಗಿಲ್ಲ. ಕ್ಯಾರವಾನ್ ಮಾಡಿಸುವವರು ಆರ್‌ಟಿಒ ಮೂಲಕ ಕ್ರಮವಾಗಿ ಮಾಡಿಸಬೇಕು. ಜೊತೆಗೆ, ಹೊರಗಿನವರು ಜೋಡಿಸಿದ ವೈರಿಂಗ್‌ನಿಂದ ಗಾಡಿ ಕೆಟ್ಟರೆ ನೆರವು ಇಲ್ಲ ಎಂದು ನಾನು ಓದಿದ ಎರಡು ಪತ್ರಗಳಲ್ಲಿ ಬರೆದಿತ್ತು. ಮಾಮು ಅವರ ಚಿತ್ರ ಕೊನೆಗೆ ಮಡಚುವ ಹಾಸಿಗೆ ಮತ್ತು ಎರಡು ಚಾರ್ಜಿಂಗ್ ಫ್ಯಾನಿಗೆ ಇಳಿದಿದೆ. ಗ್ಯಾಸ್ ಒಲೆಗೆ ಅಮ್ಮಿ ಸೆಕ್ಷನ್ ಇಲ್ಲದೆಯೇ "ನಕ್ಕೋ" ಎಂದುಬಿಟ್ಟರು.

ಮೂರು ಯೋಜನೆಗಳನ್ನು ಎದುರಿಗಿಟ್ಟುಕೊಂಡೆವು. ಹೆಸರು ಬೇಡ, ಲೆಕ್ಕ ಸಾಕು. ಒಂದನೆಯದು ಹಳೆಯ 236 ರೂಪಾಯಿಯದೇ. ಎರಡನೆಯದು ಸದಸ್ಯತ್ವ, ತೆರಿಗೆ ಸೇರಿ 826. ನಿಂತ ಜಾಗದಿಂದ ಒಂದು ಕಡೆ 100 ಕಿ.ಮೀ., ಗ್ಯಾರೇಜ್ ನಮ್ಮ ಆಯ್ಕೆ, ವರ್ಷಕ್ಕೆ ನಾಲ್ಕು ಸಲ. ಮೂರನೆಯದು 1,770, ಎರಡನೆಯದರ ಮೇಲೆ ಟ್ಯಾಕ್ಸಿ ಮತ್ತು ಒಂದು ರಾತ್ರಿಯ ಹೋಟೆಲ್. ಹೋಟೆಲ್ ಮಿತಿ ಎರಡು ಕೋಣೆ. ಮಾಮು ಅವರಿಗೆ ಮೂರನೆಯದು ಇಷ್ಟ. ಆದರೆ ನಾವು ಮಲಗಲು ವ್ಯಾನನ್ನೇ ಒಯ್ಯುತ್ತಿದ್ದೇವಲ್ಲ? ಗಾಡಿ ಗ್ಯಾರೇಜಿನಲ್ಲಿದ್ದರೆ ಮಲಗುವ ಜಾಗವೂ ಗ್ಯಾರೇಜಿನಲ್ಲಿ ಎಂದು ಮಾಮು ಹೇಳಿದಾಗ, ವ್ಯಾನಿನಲ್ಲಿ ಪ್ರವಾಸ ಹೋಗುವವರಿಗೆ ಹೋಟೆಲ್ ಸಾಲು ಶೋಕಿಯಲ್ಲ ಎಂದು ಗೊತ್ತಾಯಿತು. ಇಲ್ಲಿ ಅವರದ್ದೇ ಸರಿ.

ನನ್ನ ಲೆಕ್ಕ ಹೀಗಿತ್ತು. ನಮ್ಮ ವ್ಯಾನು ಆರು ವರ್ಷದಲ್ಲಿ ದೂರದ ದಾರಿಯಲ್ಲಿ ಕೆಟ್ಟಿದ್ದು ಒಂದೇ ಸಲ. 7,500ನ್ನು ಆರರಿಂದ ಭಾಗಿಸಿದರೆ ವರ್ಷಕ್ಕೆ 1,250. ಎರಡನೇ ಯೋಜನೆ ಅದಕ್ಕಿಂತ ಅಗ್ಗ, ಮೂರನೆಯದು ದುಬಾರಿ. ಊರೊಳಗೆ ಕೆಟ್ಟದ್ದನ್ನು ನಾನು ಎಣಿಸಿಲ್ಲ. ಊರಿನಲ್ಲಿ ಮೆಕ್ಯಾನಿಕ್ ಚಾಚಾ ಬೈಕಿನಲ್ಲೇ ಬಂದುಬಿಡುತ್ತಾರೆ, ಅವರ ನಂಬರ್ ಎದುರು ಯಾವ ಹೆಲ್ಪ್‌ಲೈನೂ ನಿಲ್ಲುವುದಿಲ್ಲ. ಊರು ಬಿಡದ ಗಾಡಿಗೆ ಈ ಯೋಜನೆಗಳಿಗೆ ದುಡ್ಡು ಕಟ್ಟುವುದು ದಂಡ ಎಂದೇ ನನ್ನ ಅಭಿಪ್ರಾಯ. ಒಂದೇ ಸಲದ ಅನುಭವದಿಂದ ಸರಾಸರಿ ತೆಗೆದದ್ದು ಸಂಖ್ಯಾಶಾಸ್ತ್ರದ ಸರ್‌ಗೆ ಹಿಡಿಸಲಿಕ್ಕಿಲ್ಲ, ಗೊತ್ತು. ಅಬ್ಬಾಗೂ ಹಿಡಿಸಲಿಲ್ಲ, ಕಾರಣ ಬೇರೆ. "ಲೆಕ್ಕ ಸರಿ ಬೇಟಾ. ಆದರೆ ಆ ರಾತ್ರಿ ಎರಡು ಗಂಟೆ ಯಾರಿಗೆ ಫೋನ್ ಮಾಡಬೇಕು ಅಂತಲೇ ತಿಳಿಯಲಿಲ್ಲ. ದಾದಿ ಕೇಳ್ತಾನೇ ಇದ್ದರು. ಅದನ್ನ ಯಾವ ಕಾಲಮ್ಮಿಗೆ ಹಾಕ್ತೀ?"

ದುಡ್ಡು ಕಟ್ಟುವ ಮೊದಲು ಇಬ್ಬರೂ ಕುಳಿತು ಹೆಲ್ಪ್‌ಲೈನ್‌ಗಳಿಗೆ ಫೋನ್ ಮಾಡಿದೆವು. ರಾತ್ರಿ ಒಂಬತ್ತರ ಮೇಲೆ, ಬೇಕೆಂದೇ. ಒಂದು ಕಡೆ ಹದಿನಾಲ್ಕು ನಿಮಿಷ ಸಂಗೀತ ಕೇಳಿದೆವು. ಇನ್ನೊಂದು ಕಡೆ ಬೇಗ ಎತ್ತಿದರು, ಕನ್ನಡದಲ್ಲಿ ಮಾತಾಡಿಸಿ ಎಂದಾಗ ಎರಡೇ ನಿಮಿಷದಲ್ಲಿ ಕನ್ನಡದವರು ಬಂದರು. ಅಮ್ಮಿಗೆ ಇಂಗ್ಲಿಷ್ ಬರುವುದಿಲ್ಲ, ಅಬ್ಬಾಗೆ ಗಾಬರಿಯಾದರೆ ಯಾವ ಭಾಷೆಯೂ ಬರುವುದಿಲ್ಲ. ಆದ್ದರಿಂದ ಇದು ನಮಗೆ ದೊಡ್ಡ ವಿಷಯ. ಸಿಗ್ನಲ್ ಇಲ್ಲದಿದ್ದರೆ ಜಾಗ ಹೇಗೆ ಹೇಳುವುದು ಎಂದು ಕೇಳಿದೆ. ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ, ರಸ್ತೆಯ ಸಂಖ್ಯೆ ಸಾಕು ಎಂದರು. ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಅವರೇ ಇನ್ನೊಂದು ಮಾತು ಹೇಳಿದರು: ನಮಗೆ ತಿಳಿಸದೆ ನೀವೇ ಬೇರೆ ಟೋಯಿಂಗ್ ಕರೆಸಿದರೆ ಬಿಲ್ಲು ತಂದರೂ ಹಣ ಸಿಗದು. ನಮ್ಮ ಗಾಡಿ ಬರಲು ಆಗದಿದ್ದಾಗ ಮೊದಲು ಒಪ್ಪಿಗೆ ಪಡೆದು, ದೂರಿನ ಸಂಖ್ಯೆ ಬರೆದುಕೊಂಡು, ಆಮೇಲೆ ಕರೆಸಿ ಬಿಲ್ಲು ಇಟ್ಟುಕೊಳ್ಳಿ. ಸದಸ್ಯತ್ವ ಕಟ್ಟಿದ ಏಳು ದಿನಗಳ ನಂತರವೇ ಜಾರಿ ಎಂಬುದನ್ನೂ ಕೇಳಿದ ಮೇಲೆ ಹೇಳಿದರು. ಹಾಗಾಗಿ ಘಾಟಿಯಲ್ಲಿ ನಿಂತುಕೊಂಡು ಕೊಳ್ಳಲಾಗುವುದಿಲ್ಲ, ಹೊರಡುವ ಹಿಂದಿನ ರಾತ್ರಿ ಕೊಂಡರೂ ತಡ.

ಹಣ ಕಟ್ಟಿಯೂ ಸೇವೆ ಕೊಡದಿದ್ದರೆ ಎರಡು ಬಾಗಿಲುಗಳಿವೆ. ವಿಮೆಯ ಆ್ಯಡ್-ಆನ್ ಆಗಿದ್ದರೆ ಮೊದಲು ಕಂಪನಿಗೆ ಬರೆದು, ಆಮೇಲೆ ವಿಮಾ ನಿಯಂತ್ರಣ ಪ್ರಾಧಿಕಾರದ 155255. ಸದಸ್ಯತ್ವವಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಜೀವಕ್ಕೆ ಅಪಾಯ ಇದ್ದರೆ ಮಾತ್ರ ಇದ್ಯಾವುದೂ ಅಲ್ಲ, ನೇರವಾಗಿ 112 ಅಥವಾ 108.

ನಾವು ಎರಡನೆಯದನ್ನೇ ತೆಗೆದುಕೊಂಡೆವು. ವ್ಯತ್ಯಾಸದ 944 ರೂಪಾಯಿಯನ್ನು ಹೋಟೆಲ್ ಖರ್ಚಿಗೆಂದು ಅಮ್ಮಿ ಒಂದು ಡಬ್ಬಿಯಲ್ಲಿ ಹಾಕಿದ್ದಾರೆ, ಮಾಮು ಅದರಲ್ಲಿ ತಮ್ಮ ಪಾಲನ್ನೂ ಸೇರಿಸಿದ್ದಾರೆ. ಕನ್ಯಾಕುಮಾರಿಗೆ ಹೋಗುವವರ ಪಟ್ಟಿ ಏಳಕ್ಕೆ ನಿಂತಿದೆ. ಇದಕ್ಕಾಗಿ ನಡೆದ ಜಗಳ ಇನ್ನೊಂದು ಲೇಖನವಾಗುತ್ತದೆ. ಹೆಲ್ಪ್‌ಲೈನ್ ನಂಬರನ್ನು ಅಬ್ಬಾ ಡ್ಯಾಶ್‌ಬೋರ್ಡಿನ ಮುಚ್ಚಳದ ಒಳಗೆ ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿದ್ದಾರೆ, ದಾದಿಗೂ ಓದಲು ಬರಲಿ ಎಂದು ಅದರ ಕೆಳಗೆ ಉರ್ದು ಅಂಕಿಗಳಲ್ಲಿ ಇನ್ನೊಮ್ಮೆ.